ಊಟದ ಮೇಜಿನಿಂದ ಹುಟ್ಟಿದ ಬಂದೂಕು

"ಪಿನ್ನರಿನ ಆ ಹಿರಿಯರು ಮನೆಯಲ್ಲೇ, ತಮ್ಮ ಕೈಯಾರೆ ಕಟ್ಟಿದ ಬಂದೂಕಿನಿಂದ ಜರ್ಮನಿಯ ಕಾರ್ಖಾನೆ ಬಂದೂಕನ್ನು ಸೋಲಿಸಿಬಿಟ್ಟರು ಮಾರಾಯ್ರೆ! ಜರ್ಮನಿಯದ್ದರ ಕೊನೆಯ ಗುಂಡು ಕಾಗದವನ್ನೇ ಮುಟ್ಟಲಿಲ್ಲವಂತೆ!"

ಲಂಡನ್ನಿನ ಎಜ್‌ವೇರಿನಲ್ಲಿ ಕನ್ನಡಿಗರು ಸೇರುವ ಪ್ರತಿ ಯುಗಾದಿಯಂದೂ ಉಡುಪಿಯ ಗೆಳೆಯರೊಬ್ಬರು ಕೋಸಂಬರಿ ಬಡಿಸುತ್ತ ಈ ಕಥೆಯನ್ನೂ ಬಡಿಸುತ್ತಾರೆ. ಪಂಕ್ತಿಯಲ್ಲಿ ಕೂತವರೆಲ್ಲ ತಲೆದೂಗುತ್ತಾರೆ. ನಾನೊಬ್ಬ ದೂಗುವುದಿಲ್ಲ. ಏಕೆಂದರೆ ಆ ಹಿರಿಯರು ನನ್ನ ಭಾವ, ಸೋತಿತೆನ್ನುವ ಬಂದೂಕು ನನ್ನದು, ಮತ್ತು ಈ ಇಡೀ ಕಥೆಯಲ್ಲಿ ಪ್ರಶ್ನಾತೀತವಾಗಿ ಸತ್ಯವಾದ ಪದ ಅವರ ಬಡಾವಣೆಯ ಹೆಸರು 'ಪಿನ್ನರ್' ಒಂದೇ!

ಓದುಗರು ಗಾಬರಿಯಾಗಬಾರದು. ಇವು ಗಾಳಿಯ ಒತ್ತಡದಿಂದ ಸೀಸದ ಪುಟ್ಟ ಗುಂಡನ್ನು ಚಿಮ್ಮಿಸುವ ಏರ್ ರೈಫಲ್‌ಗಳು. ಕ್ಲಬ್ಬಿನ ಗೋಡೆಯ ಮೇಲಿನ ಕಾಗದದ ಗುರಿಯನ್ನು ಬಿಟ್ಟು ಇವುಗಳಿಗೆ ಬೇರೆ ಶತ್ರುಗಳಿಲ್ಲ. ಅಕ್ಕನನ್ನು ಬಿಟ್ಟರೆ.

ಮೊದಲನೆಯದಾಗಿ, 'ಮನೆಯಲ್ಲಿ ಕಟ್ಟಿದ' ಎಂಬ ಮಾತನ್ನು ಪರಿಶೀಲಿಸೋಣ. ನಾನು ಶಾಲೆಯನ್ನು ಬೇಗ ಬಿಟ್ಟವನು. ನನ್ನ ವಿದ್ಯೆಯೆಲ್ಲ ನೆಲದಡಿಯ ಟ್ಯೂಬ್ ರೈಲು ಓಡಿಸುತ್ತಿದ್ದಾಗ ಪಾಳಿಗಳ ನಡುವೆ ಗ್ರಂಥಾಲಯದಲ್ಲಿ ಕೂತು ಸಂಪಾದಿಸಿದ್ದು. ಹಾಗಾಗಿ ಯಾರೇ ಏನೇ ಹೇಳಲಿ, ಬಿಚ್ಚಿ ನೋಡುವುದು ನನ್ನ ಅಭ್ಯಾಸ. ಭಾವನ ಬಂದೂಕನ್ನು ಬಿಚ್ಚಿದರೆ ಸಿಗುವುದೇನು? ನಳಿಗೆ ಯಾರೋ ಮಾರಿದ ಹಳೆಯ ಬಂದೂಕಿನದು, ಸ್ಪ್ರಿಂಗ್ ಅಂಗಡಿಯದು, ತಿರುಪುಗಳು ಡಬ್ಬಿಯವು. ಎಲ್ಲವೂ ಯಾವುದೋ ಕಾರ್ಖಾನೆಯಲ್ಲೇ ಹುಟ್ಟಿದವು! ನಿಜವಾಗಿ ಮನೆಯಲ್ಲಿ ತಯಾರಾದವು ಮೂರೇ: ಕುದುರೆ, ಅಂದರೆ ಟ್ರಿಗರ್, ಮರದ ಹಿಡಿ, ಮತ್ತು ಜಗಳ.

ಹಿಡಿಯ ವೃತ್ತಾಂತವನ್ನು ಹೇಳಲೇಬೇಕು. ಅಕ್ಕನ ಊಟದ ಮೇಜು ಎಳೆದರೆ ಉದ್ದವಾಗುವಂಥದ್ದು. ನಡುವೆ ಸೇರಿಸಲು ಒಂದು ಬಿಡಿ ಹಲಗೆ ಇತ್ತು. ಒಂದು ದೀಪಾವಳಿಗೆ ನೆಂಟರು ಬಂದರು. ಮೇಜನ್ನು ಎಳೆದರೆ ನಡುವೆ ಬರೀ ತೂತು!

"ಹಲಗಿ ಎಲ್ಲೈತ್ರಿ?" ಎಂದಳು ಅಕ್ಕ.

ಭಾವ ಅಭಿಮಾನದಿಂದ ಬಂದೂಕಿನ ಹಿಡಿಯನ್ನು ಸವರಿದರು. "ಎಂಥಾ ಮರ ನೋಡು. ಇಂಥಾದ್ದು ಈಗ ಸಿಗೂದಿಲ್ಲ."

"ಹೌದ್ರಿ, ಅದಕ್ಕಽ ಕೇಳಾಕತ್ತೀನಿ! ಆರು ಮಂದಿ ಉಣ್ಣೂ ಟೇಬಲ್ ನಾಕು ಮಂದೀದಾತು. ಉಳಿದ ಇಬ್ಬರು ಬಂದೂಕಿನ ಮ್ಯಾಲೆ ಕೂತು ಉಣ್ಣಬೇಕೇನು?"

ಭಾವನ ಸಿದ್ಧಾಂತ ಸರಳ: ಕಾರ್ಖಾನೆಯ ಮಾಲನ್ನು ನಂಬಬಾರದು. ಹಾಗಾದರೆ ಈ ಮಹಾಶಯರು ಸಾಧುವೋ, ಕುಶಲಕರ್ಮಿಯೋ? ಅಲ್ಲ! ಪಾರ್ಕ್ ರಾಯಲ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲೆ ಬಿಸ್ಕತ್ತು ಕಟ್ಟುವ ಯಂತ್ರಗಳಿಗೆ ಬಿಡಿಭಾಗ ಕೊರೆದವರು.

"ನಂಬಬ್ಯಾಡ ಅಂತ ಯಾಕ ಹೇಳ್ತೀನಿ ತಮ್ಮಾ? ಕಾರ್ಖಾನಿ ಅಂದ್ರ ಯಾರು? ನಾನಽ! ಶುಕ್ರವಾರ ಮಧ್ಯಾಹ್ನ ನಾ ಮಾಡಿದ ಮಾಲು ನೀ ನೋಡಿಲ್ಲ."

"ನನ್ನ ಬಂದೂಕು ಮಂಗಳವಾರ ಮಾಡಿದ್ದಿರಬೇಕ್ರಿ ಭಾವಾ," ಎಂದೆ.

"ಜರ್ಮನಿಯೊಳಗೂ ಶುಕ್ರವಾರ ಬರ್ತದೋ! ಅಲ್ದ, ನಿಂದು ಐದೂವರೆ ಮಿಲಿಮೀಟರ್ ಗುಂಡು, ಗೋಡೆಗೆ ಮೊಳೆ ಹೊಡದಂಗ. ನಂದು ನಾಲ್ಕೂವರೆ. ನಾಜೂಕು!"

ಈ ಮಿಲಿಮೀಟರುಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ. ಭಾವನಿಗಂತೂ ಅವೇ ಉಸಿರು. ಕಾರ್ಖಾನೆಯಿಂದ ನಿವೃತ್ತರಾದರೂ ಅವರ ಅಂಗಿಯ ಜೇಬಿನಿಂದ ಅಳತೆಯ ವರ್ನಿಯರ್ ನಿವೃತ್ತವಾಗಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಗಳನ್ನು ಅಳೆದು, ಒಂದು ಮಾತ್ರೆ ತೆಳ್ಳಗಿದೆಯೆಂದು ವಾಪಸು ಒಯ್ದದ್ದುಂಟು. ಚಪಾತಿಯನ್ನು ಅಳೆದು, "ಎಡಕ್ಕ ಅರ್ಧ ಮಿಲಿಮೀಟರ್ ದಪ್ಪ ಆಗೇದ" ಎಂದದ್ದುಂಟು. ಆ ದಿನ ಬಲಗಡೆಯನ್ನಷ್ಟೇ ಬಡಿಸಲಾಯಿತು.

ಬಂದೂಕಿನ ಮೊದಲ ಜೋಡಣೆ ಅದೇ ಮೇಜಿನ ಮೇಲೆ ನಡೆಯಿತು. 'ಟಣ್' ಎಂದಿತು, ಸ್ಪ್ರಿಂಗ್ ಮಾಯವಾಯಿತು. ಸೋಫಾದ ಕೆಳಗೆ, ದೇವರ ಗೂಡಿನಲ್ಲಿ, ನನ್ನ ಕೋಟಿನ ಜೇಬಿನಲ್ಲಿ ಕೂಡ ಹುಡುಕಿದರು. ಕೊನೆಗೆ ನನ್ನ ತಟ್ಟೆಗೆ ಸಾರಿನ ಜೊತೆ ಬಿತ್ತು. ಭಾವ ಅದನ್ನು ಒರೆಸಿ ಬೆಳಕಿಗೆ ಹಿಡಿದು, "ಛಲೋ ಆತು. ಒಗ್ಗರಣಿ ಎಣ್ಣಿ ಕುಡದದ, ಇನ್ನ ತುಕ್ಕು ಹಿಡಿಯೂದಿಲ್ಲ!" ಎಂದರು.

ಅಕ್ಕ ಸೌಟು ಕೆಳಗಿಟ್ಟಳು. "ಇನ್ನ ಸಾಕ್ರಿ. ನೀವೂ ತಮ್ಮನೂ ಕ್ಲಬ್ಬಿಗೆ ಹೋಗಿ ಐದೈದು ಗುಂಡು ಹೊಡೀರಿ. ತಮ್ಮನ ಬಂದೂಕು ಗೆದ್ರ ನಿಮ್ಮ ಅರ, ಗರಗಸ, ಆ ಬಂದೂಕು, ಎಲ್ಲಾ ಕೌನ್ಸಿಲ್‌ನವರ ಕಸದ ಲಾರಿಗೆ! ನನ್ನ ಟೇಬಲ್ ನನಗ ಬೇಕು. ನಾನೂ ಬಂದು ಕೂಡ್ತೀನಿ, ಸುಳ್ಳು ಹೇಳೂ ಹಂಗಿಲ್ಲ."

ಭಾವ ಸ್ಪ್ರಿಂಗನ್ನು ಅಳೆದು ಬಂದೂಕಿನೊಳಗೆ ಕೂಡಿಸಿದರು.

ಆ ಭಾನುವಾರ ಕ್ಲಬ್ಬಿನಲ್ಲಿ ಭಾವನೂ ನಾನೂ ಪಕ್ಕಪಕ್ಕದಲ್ಲಿ ನಿಂತೆವು. ಎದುರಿಗೆ ಅಕ್ಕಪಕ್ಕದಲ್ಲೇ ಎರಡು ಕಾಗದಗಳು. ಹಿಂದಿನ ಬೆಂಚಿನಲ್ಲಿ ಅಕ್ಕ. ನಾಲ್ಕು ಗುಂಡುಗಳು ಮುಗಿದಾಗ ನಾನು ಕೂದಲೆಳೆಯಷ್ಟು ಮುಂದಿದ್ದೆ. ಐದನೆಯದಕ್ಕೆ ಭಾವ ಕುದುರೆಯೆಳೆದರು. ಏನೂ ಆಗಲಿಲ್ಲ. ಮನೆಯಲ್ಲಿ ಅರ ಹಾಕಿ ಮಾಡಿದ ಆ ಕುದುರೆ ಕಚ್ಚಿಕೊಂಡು ನಿಂತಿತ್ತು.

"ಏ, ಹಟ ಮಾಡಬ್ಯಾಡವಾ," ಎಂದು ಅದಕ್ಕೇ ಮೆಲ್ಲಗೆ ಹೇಳುತ್ತಿದ್ದರು, ಬಂದೂಕಿನ ಮೇಲಿನ ದೂರದರ್ಶಕದಿಂದ ಕಣ್ಣು ತೆಗೆಯದೆ. "ಒಂದಽ ಒಂದು ಸಲ."

ನಾನು ನನ್ನ ಕೊನೆಯ ಗುಂಡನ್ನು ಡಬ್ಬಿಯಿಂದ ತೆಗೆಯಲು ಹಿಂದಕ್ಕೆ ತಿರುಗಿದೆ. ಅಕ್ಕ ಕಣ್ಣು ಮುಚ್ಚಿ ಕೈ ಜೋಡಿಸಿದ್ದಳು. ತುಟಿ ಅಲುಗುತ್ತಿತ್ತು. ಮೇಜು ಬೇಕೆಂದು ಹಟ ಹಿಡಿದವಳಲ್ಲವೇ, ನನ್ನ ಗೆಲುವಿಗೇ ಬೇಡಿಕೊಳ್ಳುತ್ತಿರಬೇಕೆಂದುಕೊಂಡೆ. ಆಮೇಲೆ ಮಾತು ಕಿವಿಗೆ ಬಿತ್ತು: "ತಂದೇ, ಅವರ ಬಂದೂಕು ಹಾರಲಿ. ಹಾರಸಪ್ಪಾ."

ನಾನು ತಿರುಗಿ ನಿಂತು, ಗುರಿ ಹಿಡಿದು, ಹಾರಿಸಿದೆ. ಭಾವನ ಕಾಗದದ ನಟ್ಟನಡುವೆ ಐದನೆಯ ತೂತು ಬಿತ್ತು.

ದೂರದರ್ಶಕದಲ್ಲಿ ಅದನ್ನು ಕಂಡ ಭಾವ ಕಚ್ಚಿಕೊಂಡಿದ್ದ ಕುದುರೆಯಿಂದ ಬೆರಳು ತೆಗೆದರು. ಆಮೇಲೆ ಗಟ್ಟಿಯಾಗಿ ಕೂಗಿದರು: "ನೋಡಿದಿಯೇನೋ ತಮ್ಮಾ! ಮನಿಯೊಳಗ ಕಟ್ಟಿದ ಬಂದೂಕು ಅಂದ್ರ ಹಿಂಗಿರಬೇಕು! ಒಂದೀಟೂ ಸಪ್ಪಳಿಲ್ಲ!"

ಅಂಕ ಹಾಕುವ ಆಂಗ್ಲ ಮುದುಕರು ಭಾವನ ಕಾಗದವನ್ನು ಮಸೂರದಡಿ ಬಹಳ ಹೊತ್ತು ನೋಡಿದರು. ಒಂದೇ ಒಂದು ಕ್ಷಣ ನನ್ನನ್ನೂ ನೋಡಿದರು. "ಐದು ತೂತುಗಳಿವೆ," ಎಂದು ಸಹಿ ಹಾಕಿದರು. ನನ್ನದರಲ್ಲಿ ನಾಲ್ಕೇ ಇದ್ದವು. ಅಕ್ಕ "ಅಯ್ಯ, ನನ್ನ ಟೇಬಲ್ ಹೋತಲ್ಲ!" ಎಂದು ಹಣೆ ಚಚ್ಚಿಕೊಂಡಳು, ದನಿಯಲ್ಲಿ ದುಃಖವೇನೂ ಇರಲಿಲ್ಲ.

ಆದುದರಿಂದ ನನ್ನ ತಕರಾರು ಇಷ್ಟೇ: ಜರ್ಮನ್ ಬಂದೂಕಿನ ಕೊನೆಯ ಗುಂಡು ಗುರಿ ತಪ್ಪಲಿಲ್ಲ. ಸಂಶಯವಿದ್ದವರು ಪಿನ್ನರಿಗೆ ಹೋಗಬಹುದು. ಸಹಿ ಬಿದ್ದ ಆ ಕಾಗದ ಕಟ್ಟು ಹಾಕಿಸಿಕೊಂಡು, ನಾಲ್ಕೇ ಮಂದಿ ಉಣ್ಣುವ ಮೇಜಿನ ಮೇಲುಗಡೆ ತೂಗುತ್ತಿದೆ. ನಾಲ್ಕು ತೂತುಗಳು ಸಣ್ಣವು. ನಟ್ಟನಡುವಿನದು ಒಂದು ಮಿಲಿಮೀಟರಿನಷ್ಟು ದೊಡ್ಡದು. ವರ್ನಿಯರನ್ನು ಭಾವನ ಜೇಬಿನಿಂದಲೇ ಕೇಳಿ ಪಡೆಯಬಹುದು. ಆ ಮನೆಯಲ್ಲಿ ಅವರು ಇಂದಿಗೂ ಅಳೆಯದೆ ಬಿಟ್ಟಿರುವುದು ಅದೊಂದನ್ನೇ.