ಬುಟ್ಟಿಯಲ್ಲಿ ಬಂದ ಮಾರುತಿಯ ಕಟ್ಟೆಗೆ ಪಾಯ ತೋಡದಿರುವ ಕುರಿತು

ದಿನಾಂಕ: 14-2-2002, ಗುರುವಾರ

ಇಂದ,
ಶ್ರೀಮತಿ ಗುರವ್ವ ಕೋಂ ಬಸಲಿಂಗಪ್ಪ, ವಯಸ್ಸು 61,
ಉದ್ಯೋಗ: ಚಹಾ ಮತ್ತು ಮಿರ್ಚಿ ಭಜಿ ಅಂಗಡಿ, ಹೆದ್ದಾರಿ ಬದಿ, ಕಿತ್ತೂರು.
(ಹೇಳಿದ್ದು ಅರ್ಜಿದಾರರು, ಬರೆದದ್ದು ಮೊಮ್ಮಗಳು ಶೈಲಜಾ.)

ಗೆ,
ಶ್ರೀ ನಿಜಗುಣಪ್ಪನವರು,
ಅಧ್ಯಕ್ಷರು, ಶ್ರೀ ಮಾರುತಿ ಕಟ್ಟೆ ಕಟ್ಟಡ ಸಮಿತಿ (ಸ್ಥಾಪನೆ: ಕಳೆದ ಶನಿವಾರ ಮಧ್ಯಾಹ್ನ),
ಚಿಕ್ಕಬೇವೂರು, ತಾ: ಬೈಲಹೊಂಗಲ.

ವಿಷಯ: ಇದೇ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ತೋಡಲಿರುವ ಪಾಯವನ್ನು ತೋಡದೆಯೇ ಕಟ್ಟೆ ಕಟ್ಟುವ ಬಗ್ಗೆ.

ಉಲ್ಲೇಖ: 1. ದಿ. 9-2-2002ರಂದು ತಮ್ಮ ಊರ ಮಾರುತಿ ಗುಡಿಯ ಮುಂದೆ ತಮ್ಮ ಮುಂದಾಳತ್ವದಲ್ಲಿ ನಡೆದ ಮಣ್ಣು.
2. ಗೌಂಡಿ ಮುದಕಪ್ಪನವರು ಸೋಮವಾರ ಆಡಿದ ಮಾತು: “ಪಾಯಾ ನಾಕ ಅಡಿ ಬೇಕ್ರಿ, ಇಲ್ಲಾಂದ್ರ ಕಟ್ಟಿ ವಾಲತೈತಿ.”
3. ಮಣ್ಣು ಕೊಟ್ಟ ತಗ್ಗಿನ ಆಳ: ಮೂರು ಅಡಿ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ಕಳೆದ ಶನಿವಾರ ತಾವು ಭಜನೆ ಸಮೇತ ಹುಗಿದದ್ದು ಮಂಗವಲ್ಲ, ನಾಯಿ.

ಸುತ್ತಿಬಳಸಿ ಹೇಳಿದರೆ ತಮ್ಮ ಸಮಯ ಹಾಳಾಗುವುದರಿಂದ ಇದನ್ನು ಮೊದಲೇ ಬರೆಯಲಾಗಿದೆ. ಉಳಿದದ್ದೆಲ್ಲ ಇದರ ವಿವರಣೆ. ನಮ್ಮ ಸೀಮೆಯಲ್ಲಿ ಮಂಗ ಸತ್ತರೆ ಊರಿಗೆ ಊರೇ ಕೂಡಿ ಹಲಗೆ ಬಾರಿಸಿ, ಹೂವು ಏರಿಸಿ ಮಣ್ಣು ಕೊಡುತ್ತದೆ. ಮೇಲೆ ಕಟ್ಟೆ ಕಟ್ಟಿ ಕೈಮುಗಿಯುತ್ತದೆ. ನಾಯಿ ಸತ್ತರೆ ಹಿಂಗಾಲು ಹಿಡಿದು ಹಳ್ಳಕ್ಕೆ ಎಳೆಯುತ್ತದೆ. ಈ ಎರಡು ಪದ್ಧತಿಗಳ ಬಗ್ಗೆ ಅರ್ಜಿದಾರರ ತಕರಾರು ಏನೂ ಇಲ್ಲ. ಎರಡರ ನಡುವೆ ಒಂದು ಬುಟ್ಟಿ ಸಿಕ್ಕಿಹಾಕಿಕೊಂಡಿದೆ, ಅಷ್ಟೇ.

2. ಮೃತನ ಹೆಸರು ನಿಜವಾಗಿಯೂ ಮಾರುತಿ. 1991ರಲ್ಲಿ ಬಿಳಿಯ ಮಾರುತಿ ಕಾರೊಂದು ಅರ್ಜಿದಾರರ ಅಂಗಡಿಯ ಮುಂದೆ ನಿಂತಿತು. ಅದರಲ್ಲಿದ್ದವರು ಇಳಿದರು, ಚಹಾ ಕುಡಿದರು, ಒಂದು ಮರಿಯನ್ನು ಬೆಂಚಿನ ಕೆಳಗೆ ಬಿಟ್ಟರು, ಪುಣೆ ಕಡೆಗೆ ಹೋದರು. ಮಾರುತಿಯಿಂದ ಇಳಿದದ್ದಕ್ಕೆ ಮಾರುತಿ ಎಂದು ಹೆಸರಾಯಿತು. ಅಂದು ಅಂಬಾಸಿಡರ್ ಬಂದಿದ್ದರೆ ಈ ಅರ್ಜಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಹನ್ನೊಂದು ವರ್ಷ ಮೃತನು ಭಜಿ ತಿಂದನು, ಬಸ್ಸುಗಳನ್ನು ಬೆನ್ನಟ್ಟಿದನು, ಸ್ನಾನವೆಂದರೆ ಊರು ಬಿಟ್ಟನು. ಒಬ್ಬರನ್ನು ಮಾತ್ರ ಕಚ್ಚಿದ್ದಾನೆ. ಅವರನ್ನು ಯಾರಾದರೂ ಕಚ್ಚಬೇಕಾಗಿಯೇ ಇತ್ತು. ದಿ. 8ರ ಶುಕ್ರವಾರ ಸಂಜೆ ಅದೇ ಬೆಂಚಿನ ಕೆಳಗೆ, ವಯಸ್ಸಾದ ಕಾರಣ, ತೀರಿಕೊಂಡನು.

3. ಶನಿವಾರ ಬೆಳಗಾದೊಡನೆ ಜಾಗದ ಪ್ರಶ್ನೆ ಎದ್ದಿತು. ಅರ್ಜಿದಾರರು ಪ್ರಯತ್ನಿಸಿದ ಸ್ಥಳಗಳು:

(ಅ) ಅಂಗಡಿಯ ಹಿಂದೆ. ರಸ್ತೆ ಅಗಲ ಮಾಡುವವರು ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದಾರೆ. ಬದುಕಿದ್ದಾಗ ಲಾರಿ ತಪ್ಪಿಸಿಕೊಂಡವನ ಮೇಲೆ ಸತ್ತ ಮೇಲೆ ಲಾರಿ ಹಾಯುವುದು ಅರ್ಜಿದಾರರಿಗೆ ಒಪ್ಪಿಗೆಯಾಗಲಿಲ್ಲ.

(ಆ) ಬಾಡಿಗೆ ಮನೆಯ ಹಿತ್ತಿಲು. ಮನೆ ಮಾಲಕರಾದ ಸೋಮಪ್ಪನವರು ಬಾಗಿಲಲ್ಲೇ ನಿಂತು ಹೇಳಿದ್ದು: “ಯವ್ವಾ, ನಾ ಮನಿ ಕೊಟ್ಟಿದ್ದು ಹನ್ನೊಂದ ತಿಂಗಳ ಕರಾರಿನ ಮ್ಯಾಲ. ಇಂವಾ ಕಾಯಂ ಕೂಡಾಂವ. ನಾಳಿ ನೀ ಬಿಟ್ಟ ಹೋದ್ರೂ ಇಂವಾ ಬಿಡೂದಿಲ್ಲ.”

(ಇ) ಸಮಾಜದ ರುದ್ರಭೂಮಿ. ಅಲ್ಲಿನ ಕಾವಲಿನವರು ಬುಟ್ಟಿ ನೋಡದೆ ಮೊದಲು ರೀತಿಯಂತೆ ಕೇಳಿದರು:

“ಕೊಳ್ಳಾಗ ಲಿಂಗ ಐತೇನಬೇ?”

“ಬೆಲ್ಟ್ ಐತಿ,” ಎಂದರು ಅರ್ಜಿದಾರರು.

ಅಲ್ಲಿಗೆ ಮಾತುಕತೆ ಮುಗಿಯಿತು.

(ಈ) ಪಕ್ಕದ ಮನೆಯ ಸಾವಂತ್ರೆವ್ವನವರ ಸಲಹೆ: “ಸುಮ್ನ ಮಲಪ್ರಭಾ ಹೊಳಿಗೆ ಬಿಟ್ಟ ಬಾರಬೇ, ಪುಣ್ಯಾ ಬರತೈತಿ.” ಇದಕ್ಕೆ ಅರ್ಜಿದಾರರ ಉತ್ತರ: “ಒಂದ ತಂಬಗಿ ನೀರಿಗೆ ಅಂಜಿ ಅಟ್ಟ ಏರತಿದ್ದ. ಹೊಳ್ಯಾಗ ಹೆಂಗ ಬಿಡ್ಲಿ?”

ಆದ್ದರಿಂದ, ಬೇರೆ ದಾರಿ ಕಾಣದ ಕಾರಣ, ತವರೂರಾದ ಚಿಕ್ಕಬೇವೂರಿನಲ್ಲಿ ತಮ್ಮನಾದ ಶಿವಲಿಂಗನ ಹೊಲದ ಬೇವಿನ ಮರದ ಕೆಳಗೆ ಎಂದು ನಿಶ್ಚಯವಾಯಿತು. ಫೋನಿನಲ್ಲಿ ಕೇಳಿದ್ದಕ್ಕೆ ಶಿವಲಿಂಗನು, “ತಗೊಂಡ ಬಾ ಅಕ್ಕಾ, ತಗ್ಗ ತೋಡಿ ಇಡತೇನಿ,” ಎಂದನು. ಹಾಗೆಯೇ ತೋಡಿಟ್ಟನು. ಆ ತಗ್ಗು ಇಂದಿಗೂ ತೆರೆದೇ ಇದ್ದು, ಮಂಗಳವಾರ ಅದರಲ್ಲಿ ಅವನದೇ ಎಮ್ಮೆಕರು ಬಿದ್ದು ಎದ್ದಿದೆ.

4. ತಪ್ಪು ತಿಳಿವಳಿಕೆಗೆ ಮೂಲವಾದ ಸಂಗತಿ ಇಲ್ಲಿದೆ. ಅರ್ಜಿದಾರರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೃತನ ವಿಷಯದಲ್ಲಿ ಬೇರೆ ರೀತಿ ಮಾಡಲು ಅವರಿಗೆ ತೋಚಲಿಲ್ಲ. ಬುಟ್ಟಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂಡಿಸಿ, ನೊಣ ಕೂಡದಿರಲೆಂದು ಮುಖ ಮುಚ್ಚುವಂತೆ ಕೆಂಪು ಕೌದಿಯ ಅರ್ಧ ತುಂಡನ್ನು ಸುತ್ತಿದರು. ಹಣೆ ಇರಬಹುದಾದ ಕಡೆ ಒಂದಿಷ್ಟು ವಿಭೂತಿ ಹಚ್ಚಿದರು. ಬಾಲ ಮಾತ್ರ ಒಳಗೆ ಹಿಡಿಸಲಿಲ್ಲ. ಅದು ಬೂದು ಬಣ್ಣದ್ದು, ಒಂದೂವರೆ ಮೊಳ ಉದ್ದದ್ದು. ಬುಟ್ಟಿಯ ಅಂಚಿನಿಂದ ಇಳಿಬಿದ್ದಿತ್ತು.

5. ಬಸ್ಸಿನಲ್ಲಿ ಕಂಡಕ್ಟರರು ಬಂದು ಕೇಳಿದರು:

“ಬುಟ್ಟ್ಯಾಗೇನೈತಿ ಯವ್ವಾ? ಲಗೇಜ್ ತಗೀಬೇಕಾಕ್ಕೈತಿ.”

“ಮಾರುತಿ ಅದಾನೋ ಯಪ್ಪಾ. ನಿನ್ನಿ ಸಂಜಿಮುಂದ ತೀರಕೊಂಡ.”

ಕಂಡಕ್ಟರರು ಬಗ್ಗಿ ನೋಡಿದರು. ಕೂತ ಆಕಾರ. ಕೆಂಪು ಬಟ್ಟೆ. ಬಾಲ. ಮೇಲಾಗಿ ಶನಿವಾರ. ಅವರು ಕಾಲಿನ ಚಪ್ಪಲಿ ಕಳಚಿ ಸೀಟಿನಡಿ ಸರಿಸಿದರು.

“ಏಳ್ರೀ, ಏಳ್ರೀ! ಮುಂದಿನ ಸೀಟ ಬಿಡ್ರಿ! ಮಾರುತಿ ಬಂದಾನ!”

ಹನ್ನೊಂದು ವರ್ಷ ಬಸ್ಸುಗಳ ಹಿಂದೆ ಓಡಿದವನಿಗೆ ಮೊದಲ ಬಾರಿ ಬಸ್ಸಿನೊಳಗೆ ಸೀಟು ಸಿಕ್ಕಿತು, ಅದೂ ಕಿಟಕಿ ಪಕ್ಕ. ಹಿಂದಿನ ಸೀಟಿನ ಮುದುಕಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ, “ಏನಾಗಿತ್ತಬೇ?” ಎಂದರು.

“ವಯಸ್ಸಾಗಿತ್ತ. ಭಜಿ ಭಾಳ ತಿಂತಿದ್ದ.”

“ಹೌದ ನೋಡ. ಅವರ ಕುಲಾನ ಹಂಗ. ಏನ್ ಕೊಟ್ರೂ ಒಲ್ಲೆ ಅನ್ನೂದಿಲ್ಲ.”

ಈ ಹಂತದಲ್ಲಿ ಅರ್ಜಿದಾರರಿಗೆ ಯಾವ ಸಂಶಯವೂ ಬರಲಿಲ್ಲ. ನಾಯಿಗೆ ಜನ ಇಷ್ಟು ಮರ್ಯಾದೆ ಕೊಡುವುದನ್ನು ಕಂಡು, ಕಾಲ ಸುಧಾರಿಸಿದೆ ಎಂದುಕೊಂಡರು.

6. ಬಸ್ಸು ಚಿಕ್ಕಬೇವೂರಿನ ಸ್ಟ್ಯಾಂಡಿಗೆ ಹೋಗದೆ ನೇರ ಗುಡಿಯ ಮುಂದೆ ನಿಂತು ಉದ್ದಕ್ಕೆ ಹಾರ್ನ್ ಹೊಡೆಯಿತು. ತಾವು ಭಜನೆಯನ್ನು ಅರ್ಧಕ್ಕೇ ಬಿಟ್ಟು, ತಾಳ ಕೈಯಲ್ಲಿ ಹಿಡಿದೇ ಓಡಿ ಬಂದಿರಿ.

“ಯಾರ ಗುರವ್ವಕ್ಕಾ? ಯಾರು?”

“ಮಾರುತಿ ತಮ್ಮಾ. ನಮ್ಮ ಮಾರುತಿ ಹೋದ.”

“ನಿಮ್ಮ ಮಾರುತಿ ಹೆಂಗಾಕ್ಕಾನ ಅಕ್ಕಾ?” ಎಂದು ತಾವು ಕೂಗಿದಿರಿ. “ಎಲ್ಲಾರ ಮಾರುತಿ!”

ಎಲ್ಲರೂ ಜೈ ಎಂದರು. ಆಗಲೇ ಅರ್ಜಿದಾರರಿಗೆ ಏನೋ ತಪ್ಪಿದೆ ಎಂದು ತಿಳಿದದ್ದು. “ಇಲ್ಲೋ, ಇದು ಹೊಲಕ್ಕ ಹೋಗೂದೈತಿ,” ಎಂದು ಬುಟ್ಟಿಗೆ ಕೈಹಾಕಿದರು. ಅಷ್ಟರಲ್ಲಿ ಜಗಳ ಹತ್ತಿತ್ತು. ಒಬ್ಬರು ಗುಡಿಯ ಬಲಕ್ಕೆ ಇಡಬೇಕೆಂದರು. ಒಬ್ಬರು ತಮ್ಮ ಹಿಟ್ಟಿನ ಗಿರಣಿಯ ಮುಂದೆ ಎಂದರು. ಒಬ್ಬರು, “ನಮ್ಮ ಕಟ್ಟಿ ಒಡದ ಜಾಗಾ ಕೊಡತೇನಿ, ಯಾಂವ ಬ್ಯಾಡ ಅಂತಾನ ನೋಡೂಣು,” ಎಂದು ತೋಳೇರಿಸಿದರು. ಬೆಳಗಿನಿಂದ ಮೂರು ಕಡೆ ಮೂರಡಿ ನೆಲ ಸಿಗದ ಜೀವಕ್ಕೆ ಹತ್ತು ನಿಮಿಷದಲ್ಲಿ ಆರು ಕಡೆ ನೆಲ ಸಿಕ್ಕಿತು. ಅರ್ಜಿದಾರರ ಬಾಯಿ ಅಲ್ಲಿ ಕಟ್ಟಿತು. ಇದನ್ನು ಮೋಸವೆಂದು ಕರೆಯುವುದಾದರೆ ತಾವು ಕರೆಯಬಹುದು. ಆದರೆ ಅವರು ಯಾವ ಹಂತದಲ್ಲೂ ಒಂದಕ್ಷರ ಸುಳ್ಳು ಹೇಳಿರುವುದಿಲ್ಲ.

7. ಮೆರವಣಿಗೆಯಲ್ಲಿ ಊರ ಮೂರು ನಾಯಿಗಳು ಬುಟ್ಟಿಯನ್ನು ಮೂಸುತ್ತ ಕೊನೆಯವರೆಗೂ ಬಂದವು. ತಾವು ಅವುಗಳನ್ನು ತೋರಿಸಿ, “ನೋಡ್ರಿ, ಮೂಕ ಪ್ರಾಣಿಗೆ ತಿಳದಷ್ಟು ನಮಗ ತಿಳೀಲಿಲ್ಲ,” ಎಂದಿರಿ. ಆ ಮಾತು ಅಕ್ಷರಶಃ ನಿಜವಾಗಿತ್ತು.

ಹೆಂಗಸರು ಮುಖ ನೋಡಬೇಕೆಂದಾಗ ಅರ್ಜಿದಾರರು, “ಬ್ಯಾಡ್ರವಾ, ಮಕಾ ತಗದ್ರ ನಿಮಗ ಸೇರೂದಿಲ್ಲ,” ಎಂದು ಅಡ್ಡ ನಿಂತರು. ತಾವೇ ಅವರನ್ನು ಸಮಾಧಾನಪಡಿಸಿದಿರಿ: “ಮಕಾ ಗುಡ್ಯಾಗ ಐತಲ್ಲ, ಅದನ್ನ ನೋಡ್ರಿ.” ತಗ್ಗು ಮೂರಡಿಗೆ ಬಂದಾಗ ಪ್ರಸಾದ ತಯಾರಾಗಿದೆ ಎಂಬ ಸುದ್ದಿ ಬಂದ ಕಾರಣ ಕೆಲಸ ಅಲ್ಲಿಗೇ ನಿಂತಿತು.

ಶಿವಲಿಂಗನು ಹೊಲದಲ್ಲಿ ಕಾದು ಕಾದು, ಹಲಗೆಯ ಸಪ್ಪಳ ಕೇಳಿ, ಯಾರೋ ದೊಡ್ಡವರು ಹೋಗಿರಬೇಕೆಂದು ಊರಿಗೆ ಬಂದು, ತಾನೂ ಒಂದು ಹಿಡಿ ಮಣ್ಣು ಹಾಕಿ ಕೈಮುಗಿದನು. ಸಂಜೆ ವಿಷಯ ತಿಳಿದಾಗ ಕಣದ ತುಂಬ ಉರುಳಾಡಿ ನಕ್ಕನು. ಇನ್ನೂ ಪೂರ್ತಿ ನಿಂತಿಲ್ಲ.

8. ಸೋಮವಾರ ಮೂರನೆಯ ದಿನದ ಹಾಲುತುಪ್ಪವೂ ಆಯಿತು. ಅಂದೇ ಮುದಕಪ್ಪನವರು ನೂಲು ಹಿಡಿದು ಅಳತೆ ತೆಗೆದು ನಾಲ್ಕಡಿಯ ಮಾತಾಡಿದರು. ಆದ ಕಾರಣ ಮಂಗಳವಾರ ಬೆಳಿಗ್ಗೆ ಅರ್ಜಿದಾರರು ತಮ್ಮ ಮನೆಗೆ ಬಂದು ಖರೆ ಹೇಳಿದ್ದು ತಮ್ಮ ನೆನಪಿನಲ್ಲಿ ಇರಬಹುದು. ಆ ಸಂಭಾಷಣೆ ಯಥಾವತ್ತಾಗಿ:

“ತಮ್ಮಾ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ. ಅದು ನಾಯಿ.”

ತಾವು ಕಣ್ಣು ಮುಚ್ಚಿದಿರಿ. “ಖರೇ ಅಕ್ಕಾ. ನಾವೆಲ್ಲಾರೂ ಆತನ ಬಾಗಲಾ ಕಾಯೂ ನಾಯಿಗೋಳ.”

“ಹಂಗಲ್ಲೋ. ಬೌ ಬೌ ಅಂತಿತ್ತ.”

“ನಾವು ಭಜನ್ಯಾಗ ಮತ್ತೇನ ಮಾಡತೇವಿ? ಒದರೂದ ನಮ್ಮ ಕೆಲಸ.”

“ಅಯ್ಯ ಇವನ! ಲಾರಿ ಗಾಲಿಗೆ ಕಾಲೆತ್ತತಿತ್ತೋ!”

“ಸಂಸಾರ ಅನ್ನೂದ ಒಂದ ಗಾಲಿ ಅಕ್ಕಾ,” ಎಂದು ತಾವು ಕಣ್ಣು ತೆರೆದಿರಿ. ತಮ್ಮ ಕಣ್ಣಲ್ಲಿ ನೀರಿತ್ತು. ಮನೆಯವರನ್ನು ಕರೆದು, “ಗುರವ್ವಕ್ಕನ ಬಾಯಾಗ ಎಂಥಾ ಮಾತ ಬರಾಕ ಹತ್ತ್ಯಾವ ನೋಡ್ರಿ,” ಎಂದು ಅರ್ಜಿದಾರರ ಕಾಲು ಮುಟ್ಟಿಸಿದಿರಿ.

ಬಾಯಿಂದ ಹೇಳಿದ ಖರೆ ಈ ಊರಲ್ಲಿ ಭಕ್ತಿಯಾಗುತ್ತಿರುವ ಕಾರಣ, ಅರ್ಜಿದಾರರು ಅದನ್ನು ಈಗ ಕಾಗದದ ಮೇಲೆ ಸಲ್ಲಿಸುತ್ತಿದ್ದಾರೆ.

9. ಶನಿವಾರ ಪಾಯ ತೋಡಿದರೆ ಆಗುವುದಿಷ್ಟು. ಗುದ್ದಲಿಗೆ ಮೊದಲು ಕೌದಿ ಸಿಗುತ್ತದೆ, ಆಮೇಲೆ ಬೆಲ್ಟು, ಆಮೇಲೆ ಹಲ್ಲು. ಮಂಗ ಬೆಲ್ಟು ಕಟ್ಟಿಕೊಳ್ಳುವುದಿಲ್ಲ. ಆ ಕ್ಷಣಕ್ಕೆ ಮಾರುತಿ ಮತ್ತೆ ನಾಯಿಯಾಗುತ್ತಾನೆ. ಕೈಮುಗಿದವರೇ ಹಿಂಗಾಲು ಹಿಡಿಯುತ್ತಾರೆ.

ಅರ್ಜಿದಾರರು ಬೈಗುಳಕ್ಕೆ ತಯಾರಿದ್ದಾರೆ. ಹೆದ್ದಾರಿಯಲ್ಲಿ ಅಂಗಡಿ ಇಟ್ಟವರಿಗೆ ಬೈಗುಳ ಹೊಸದಲ್ಲ. ತವರಿನ ದಾರಿ ಬಂದಾದರೂ ಸಹಿಸಿಯಾರು. ಆದರೆ ಅವನನ್ನು ಹಳ್ಳಕ್ಕೆ ಎಳೆಯುವುದನ್ನು ನೋಡಲು ತಯಾರಿಲ್ಲ. ಎತ್ತಿ ಹೊಲಕ್ಕೆ ಒಯ್ಯೋಣವೆಂದರೆ ಗುಡಿಯ ಮುಂದೆ ಹಗಲು ಹೊತ್ತು ಜನ, ರಾತ್ರಿ ಹೊತ್ತು ಭಜನೆ ತಪ್ಪುವುದಿಲ್ಲ. ಅಲ್ಲದೆ, ವಿಚಾರ ಮಾಡಿದಾಗ, ಜಾಗ ಚೆನ್ನಾಗಿಯೇ ಇದೆ: ಮುಂದೆ ಬಸ್ಸು ಹಾಯುತ್ತದೆ, ಎದುರಿಗೆ ಒಬ್ಬರು ಭಜಿ ಕರಿಯುತ್ತಾರೆ. ಅವನೇ ಹುಡುಕಿದ್ದರೂ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ತಾವು ದಯಮಾಡಿ:

(ಅ) ಪಾಯ ತೋಡದೆ, ನೆಲದ ಮೇಲೆಯೇ ಕಲ್ಲು ಹೊಂದಿಸಿ ಕಟ್ಟೆ ಕಟ್ಟಬೇಕು. ವಾಲೀತೆಂದು ಮುದಕಪ್ಪನವರು ಹೆದರಬೇಕಿಲ್ಲ. ಮೃತನು ಬದುಕಿದ್ದಾಗಲೂ ಒಂದು ಮಗ್ಗುಲಿಗೆ ವಾಲಿಯೇ ಕೂಡುತ್ತಿದ್ದನು.

(ಆ) ಜನ ಇಟ್ಟು ಹೋಗುವ ಬಾಳೆಹಣ್ಣುಗಳನ್ನು ಕೂಡಲೇ ನಿಲ್ಲಿಸಬೇಕು. ಅವನು ಅವನ್ನು ಮೂಸಿ ಕೂಡ ನೋಡುತ್ತಿರಲಿಲ್ಲ. ಪ್ರತಿ ಶನಿವಾರ ಎರಡು ಮಿರ್ಚಿ ಭಜಿಯನ್ನು ಅರ್ಜಿದಾರರು ಅದೇ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ.

(ಇ) ಕಲ್ಲಿನ ಮೇಲೆ ಹೆಸರು ಮಾತ್ರ ಕೆತ್ತಿಸಬೇಕು, ಚಿತ್ರ ಬೇಡ. ‘ಮಾರುತಿ’ ಎಂದಿದ್ದರೆ ತಮಗೂ ಖರೆ, ಅರ್ಜಿದಾರರಿಗೂ ಖರೆ.

ಶನಿವಾರ ಬೆಳಿಗ್ಗೆ ಏಳು ಗಂಟೆಯವರೆಗೆ ತಮ್ಮ ವಿಶ್ವಾಸಿ,

ಗುರವ್ವ (ಎಡಗೈ ಹೆಬ್ಬೆಟ್ಟಿನ ಗುರುತು. ಎಣ್ಣೆಯ ಕಲೆ ಅಂಗಡಿಯದು.)

ಲಗತ್ತು:
1. ಬಸ್ ಟಿಕೆಟ್, ಒಂದು. ಮೃತನಿಗೆ ಟಿಕೆಟ್ ಕೊಟ್ಟಿರುವುದಿಲ್ಲ.
2. ಕೆಂಪು ಕೌದಿಯ ಅರ್ಧ ತುಂಡು. ತಾಳೆ ನೋಡಲು ಬೇಕಾದ ಇನ್ನರ್ಧ ಕೆಳಗಿದೆ; ದಯವಿಟ್ಟು ತಾಳೆ ನೋಡಬಾರದು.
3. ಶಿವಲಿಂಗನ ಹೇಳಿಕೆ. (ಮೂರು ಸಲ ಪ್ರಯತ್ನಿಸಲಾಯಿತು. ನಗುವಿನ ಕಾರಣ ಒಂದು ವಾಕ್ಯವೂ ಪೂರ್ತಿಯಾಗದೆ ಖಾಲಿ ಹಾಳೆ ಲಗತ್ತಿಸಿದೆ.)

ವಿಶೇಷ ವಿನಂತಿ: ಮಂಜೂರು ಎಂದು ಸಹಿ ಮಾಡುವ ಮೊದಲು ತಾವು ಈ ಅರ್ಜಿಯನ್ನು ಓದಬಾರದು.