ಮಾವನವರ ಕಾಗೆಗೆ ಕ್ರೋಬೆರಿ

ಕ್ರೋಬೆರಿ ಎಂದರೆ ಕಾಗೆಗಳು ಮುಗಿಬಿದ್ದು ತಿನ್ನುವ ಹಣ್ಣು ಎಂದು ನಾನು ತಿಳಿದಿದ್ದೆ. ನಗಬೇಡಿ! ಇಂಗ್ಲಿಷಿನಲ್ಲಿ ಕ್ರೋ ಎಂದರೆ ಕಾಗೆ, ಬೆರಿ ಎಂದರೆ ಹಣ್ಣು. ಎರಡನ್ನೂ ಕೂಡಿಸಿದರೆ ಇನ್ನೇನು ಬರಬೇಕು? ಸನತ್‌ನಗರದ ಪಂಪ್ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟಿಗೆ ತಕ್ಕ ಬೋಲ್ಟು ಹುಡುಕಿಕೊಡುವುದೇ ಉದ್ಯೋಗವಾದ ನನಗೆ ಈ ಜೋಡಣೆಯ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ನಮಗೆ ಕಾಗೆಯ ಅಗತ್ಯ ಬಿದ್ದದ್ದು ತೀರಿಹೋದ ಮಾವನವರಿಂದ. ಮಹಾಲಯ ಅಮಾವಾಸ್ಯೆಯಂದು ಅತ್ತೆ ಸುಂದರಾಬಾಯಿ ಮಾವನವರ ಹೆಸರಿನಲ್ಲಿ ಮಾಳಿಗೆಯ ಮೇಲೆ ಎಡೆ ಇಡುತ್ತಾರೆ. ಕಾಗೆಯ ರೂಪದಲ್ಲಿ ಮಾವ ಬಂದು ಎಡೆ ಮುಟ್ಟುವವರೆಗೆ ಅತ್ತೆ ತುತ್ತು ಮುಟ್ಟುವುದಿಲ್ಲ. ಕಳೆದ ವರ್ಷ ಮಲ್ಕಾಜ್‌ಗಿರಿಯ ಪಾರಿವಾಳಗಳೆಲ್ಲ ಸಕುಟುಂಬವಾಗಿ ಬಂದವು, ಕಾಗೆ ಮಾತ್ರ ಬರಲಿಲ್ಲ. ಸಕ್ಕರೆ ಕಾಯಿಲೆಯ ಅತ್ತೆ ಸಂಜೆಯ ಹೊತ್ತಿಗೆ ತಲೆ ಸುತ್ತಿ ಬಿದ್ದರು. ಡಾಕ್ಟರು ಕಾಗೆಯನ್ನು ಬಿಟ್ಟು ನನ್ನನ್ನು ಬೈದರು.

“ಈ ಸಲ ಕಾಗಿ ತರೂ ಜವಾಬ್ದಾರಿ ನಂದು!” ಎಂದು ನಾನು ಎದೆ ತಟ್ಟಿ ಘೋಷಿಸಿದೆ. “ಒಂದಲ್ಲ, ಕಾಗಿಗಳ ಮೆರವಣಿಗಿನ ತರಸ್ತೀನಿ!”

“ಕೊತ್ತಂಬರಿ ತರ್ರಿ ಅಂದ್ರ ಮರತು ಬರ್ತೀರಿ. ಕಾಗಿ ತರ್ತೀರಂತ!” ಎಂದಳು ಹೆಂಡತಿ ಭಾಗ್ಯಶ್ರೀ.

ಮೊಬೈಲಿನಲ್ಲಿ ಹುಡುಕಿ, ಎಲ್ಲೋ ಚಳಿಸೀಮೆಯ ನರ್ಸರಿಯಿಂದ ಕ್ರೋಬೆರಿ ಗಿಡ ತರಿಸಿದೆ. ಡಬ್ಬಿ ಬಿಚ್ಚಿದರೆ ಗೇಣೆತ್ತರವೂ ಇಲ್ಲ. ನೆಲಕ್ಕೆ ಅಂಟಿಕೊಂಡಂಥ ಕಡ್ಡಿ, ಸೂಜಿಯಂಥ ಎಲೆ, ನಡುವೆ ಮೆಣಸಿನಕಾಳಿಗಿಂತ ತುಸು ದಪ್ಪನೆಯ ಕರೀ ಹಣ್ಣು.

“ಇದೇನ್ರಿ, ಸವದ ಕಸಬರಿಗಿ ತರಸೀರಿ?”

“ಕಸಬರಿಗಿ ಅಲ್ಲ ಮಾರಾಯ್ತಿ, ಕ್ರೋಬೆರಿ! ಹಿಮ ಬೀಳೂ ಗುಡ್ಡದಾಗ ಬೆಳಿತೈತಿ. ಹೆಸರಾಗ ಕಾಗಿ ಐತಿ ನೋಡು!”

“ಬೆಂಡಿಕಾಯಿಗೆ ಲೇಡೀಸ್ ಫಿಂಗರ್ ಅಂತಾರ. ಹಂಗಾದ್ರ ನಿನ್ನಿ ಯಾರ ಬೆರಳು ಪಲ್ಯಾ ಮಾಡ್ಕೊಂಡು ಉಂಡ್ರಿ?”

ಮಹಾಕಾರ್ಯಕ್ಕೆ ಹೊರಟವನು ಇಂಥ ಪ್ರಶ್ನೆಗಳಿಗೆ ಉತ್ತರಿಸಬಾರದು. ಗಿಡದ ಜೊತೆ ಬಂದ ಚೀಟಿಯಲ್ಲಿ ‘ತಂಪಿನಲ್ಲಿಡಿ, ಬಿಸಿಲು ತಾಗಿಸಬೇಡಿ’ ಎಂದಿತ್ತು. ಹೈದರಾಬಾದಿನಲ್ಲಿ ಹಿಮಾಲಯವನ್ನು ಎಲ್ಲಿಂದ ತರುವುದು? ಅಡಿಗೆಮನೆಯಲ್ಲಿ ಒಂದಿತ್ತು, ಒಂದೇ ಬಾಗಿಲಿನದು! ದೋಸೆ ಹಿಟ್ಟನ್ನು ಫ್ರಿಜ್ಜಿನಿಂದ ಹೊರಹಾಕಿ ಕ್ರೋಬೆರಿಗೆ ಸಿಂಹಾಸನ ಕೊಟ್ಟೆ. ಹೊರಗುಳಿದ ಹಿಟ್ಟು ಸಿಟ್ಟಿನಿಂದ ಉಬ್ಬಿ ಕಟ್ಟೆಯ ಮೇಲೆಲ್ಲ ಹರಿಯಿತು. ಭಾಗ್ಯಶ್ರೀ ಕೂಡ ಸಿಟ್ಟಿನಿಂದ ಉಬ್ಬಿದಳು, ಹರಿಯಲಿಲ್ಲ ಅಷ್ಟೇ.

ಅಮಾವಾಸ್ಯೆ ಬಂತು. ಅತ್ತೆ ಬೆಳಗಿನಿಂದ ಉಪವಾಸವಿದ್ದು ಹೋಳಿಗೆ, ವಡೆ, ಎಣ್ಣೆಗಾಯಿ ಮಾಡಿದರು. ಮಾಳಿಗೆಯ ಮೇಲೆ ಎಲೆ ಹಾಕಿ ಎಡೆ ಬಡಿಸಿದರು. ನಾನು ಗಿಡವನ್ನು ತಂದು ಪಕ್ಕದಲ್ಲಿಟ್ಟೆ. ಬಿಸಿಲು ಚುರುಗುಟ್ಟುತ್ತಿತ್ತು. ಕಾರ್ಖಾನೆಯಿಂದ ತಂದ ಪ್ಯಾಕಿಂಗಿನ ಕರೀ ಪ್ಲಾಸ್ಟಿಕ್ ಹಾಳೆಯನ್ನು ಗಿಡದ ಸುತ್ತ ಕೋಟಿನಂತೆ ಕಟ್ಟಿ, ಹಣ್ಣು ಮಾತ್ರ ಕಾಣುವಂತೆ ಬಿಟ್ಟೆ. ಗಾಳಿಗೆ ಹಾಳೆ ಪಟಪಟ ಹೊಡೆದುಕೊಂಡಿತು. ಕಾಗೆಗಳಿಗೆ ಬಾವುಟವೂ ಆಯಿತೆಂದು ಹಿಗ್ಗಿದೆ!

ಪಾರಿವಾಳಗಳು ಬಂದವು. ಟವೆಲ್ ಬೀಸಿ ಓಡಿಸಿದೆ. ಕಾಗೆಯ ಸುಳಿವಿಲ್ಲ. “ಕಾ... ಕಾ...” ಎಂದು ನಾನೇ ಕೂಗಿದೆ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಯಂಕಮ್ಮ ಇಣುಕಿ, “ಏಮೈಂದನ್ನಾ, ಗೊಂತು ಬಾಗಾಲೇದಾ?” ಎಂದು ನನ್ನ ಗಂಟಲಿನ ಆರೋಗ್ಯ ವಿಚಾರಿಸಿದರು.

ಅಷ್ಟರಲ್ಲಿ ಬಂತು! ನಿಜವಾದ ಕಾಗೆ! ನೀರಿನ ಟ್ಯಾಂಕಿನ ಮೇಲೆ ಕುಳಿತು ಎಡೆಯನ್ನು ನೋಡಿತು, ಕ್ರೋಬೆರಿಯನ್ನು ನೋಡಿತು, ಕುತ್ತಿಗೆ ಓರೆ ಮಾಡಿತು. ಆದರೆ ಇಳಿಯಲೊಲ್ಲದು.

“ಅವರ ಮನಸ್ಸಿನಾಗ ಏನೋ ಉಳದೈತಿ,” ಎಂದರು ಟ್ಯಾಂಕಿನ ನೆರಳಿನಲ್ಲಿ ಒರಗಿದ್ದ ಅತ್ತೆ. ಅವರ ದನಿ ಸಣ್ಣಗಾಗಿತ್ತು. “ಏನರ ಮಾತು ಕೊಡ್ರಿ ಅಳಿಯಾರ.”

ಸತ್ತವರ ಆಸೆಯನ್ನು ಊಹಿಸಿ ಮಾತು ಕೊಟ್ಟರೆ ಕಾಗೆ ಮುಟ್ಟುತ್ತದೆ ಎಂಬುದು ಅತ್ತೆಯ ನಂಬಿಕೆ. ಕೈಮುಗಿದೆ.

“ಮಾವಾರ, ನಿಮ್ಮ ಮಗಳನ್ನ ಚಲೋ ನೋಡ್ಕೋತೀನ್ರಿ!”

ಕಾಗೆ ಕದಲಲಿಲ್ಲ. ಭಾಗ್ಯಶ್ರೀ ನನ್ನ ಕಿವಿಗೆ ಬಾಯಿಟ್ಟಳು. “ಅಪ್ಪಾಜಿ ರೈಲ್ವೆ ಗಾರ್ಡ್ ಇದ್ರು. ಬರೇ ಮಾತಿಗೆ ಗಾಡಿ ಬಿಡಂಗಿಲ್ಲ. ಸಾಮಾನಿನ ಹೆಸರು ಹೇಳ್ರಿ. ವಾಷಿಂಗ್ ಮಷೀನ್ ಅನ್ರಿ.”

“ವಾಷಿಂಗ್ ಮಷೀನ್ ಕೊಡಸ್ತೀನ್ರಿ!”

“ಫುಲ್ ಆಟೋಮ್ಯಾಟಿಕ್ ಅನ್ರಿ.”

“ಫುಲ್ ಆಟೋಮ್ಯಾಟಿಕ್ ರಿ!”

ಕಾಗೆ ಒಂದು ಹೆಜ್ಜೆ ಹಿಂದೆ ಸರಿಯಿತು. ನಾನು ಕಂಗಾಲಾದೆ. ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೆಂಡತಿಯನ್ನು ಕರೆದೊಯ್ದು ಅವಳು ಕೈ ತೋರಿಸಿದ್ದನ್ನೆಲ್ಲ ಕೊಡಿಸುವುದಾಗಿಯೂ ಒಪ್ಪಿಬಿಟ್ಟೆ! ಕಾಗೆ ಇನ್ನೂ ಒಂದು ಹೆಜ್ಜೆ ಸರಿಯಿತು. ಅತ್ತೆಯ ಹಣೆಯಲ್ಲಿ ಬೆವರು ಕಾಣಿಸಿಕೊಂಡಾಗ ನನ್ನ ಹುಮ್ಮಸ್ಸೆಲ್ಲ ಇಳಿಯಿತು.

“ಅತ್ತೀ, ಒಂದು ತುತ್ತು ತಿನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಒಲ್ಲೆ. ಅವರು ಉಣ್ಣದ ನಾ ಎಂದೂ ಉಂಡಿಲ್ಲ.” ಸ್ವಲ್ಪ ಹೊತ್ತು ಗಿಡವನ್ನೇ ದಿಟ್ಟಿಸಿದರು. “ಅಳಿಯಾರ, ಆ ಕರೀ ಹಾಳಿ ಯಾಕ ಕಟ್ಟೀರಿ?”

“ಗಿಡಕ್ಕ ಬಿಸಲು ಬಡೀಬಾರ್ದಂತ್ರಿ.”

“ನಮ್ಮೂರಾಗ ಶೇಂಗಾ ಹೊಲಕ್ಕ ಅದನ್ನ ಕಟ್ತಾರ್ರಿ. ಕಾಗಿ ಬರಬಾರ್ದಂತ!”

ಭಾಗ್ಯಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಗೆಗೆ ಕರೆಯೋಲೆ ಕಳಿಸುತ್ತೇನೆಂದು ಹೊರಟ ವೀರ ಎಡೆಯ ಪಕ್ಕದಲ್ಲೇ ಬೆದರುಗೊಂಬೆ ನಿಲ್ಲಿಸಿದ್ದೆ! ಗಿಡವನ್ನು ಎತ್ತಿಕೊಂಡು ಕೆಳಗೋಡಿ, ಮತ್ತೆ ಮೇಲೆ ಬರುವಷ್ಟರಲ್ಲಿ ಮಾವನವರು ವಡೆ ಮುಗಿಸಿ ಹೋಳಿಗೆಗೆ ಕೊಕ್ಕು ಹಾಕಿದ್ದರು.

ಅತ್ತೆ ಅಲ್ಲೇ ಕುಳಿತು ಉಂಡರು. ಎರಡು ತುತ್ತಿಗೆ ಅವರ ಮುಖ ಗೆಲುವಾಯಿತು. ನನಗೂ ಜೀವ ಬಂತು. ಜೀವ ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

“ಅತ್ತೀ, ಖರೇ ಹೇಳ್ರಿ. ಮಾವಾರಿಗೆ ನಾ ಪಸಂದ್ ಇದ್ನಿಲ್ರಿ?”

ಅತ್ತೆ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಾ ಹೇಳಿದರು:

“ಇಲ್ರಿ ಅಳಿಯಾರ. ಹೆಣ್ಣು ನೋಡಾಕ ಬಂದಾಗ ನಿಮ್ಮ ತಮ್ಮ ಹೇಮಂತ ಬಾಜೂಕ ಕುಂತಿದ್ನಲ್ರಿ, ಅವನೇ ವರ ಅಂತ ತಿಳ್ಕೊಂಡು ಹೂಂ ಅಂದಿದ್ರು.”