ಕೌದಿಯ ಹಿಂದಿನ ಇಂಗ್ಲಿಷ್

ಹೊಸ ಊರಿಗೆ ಸಂಸಾರ ಹೂಡಲು ಹೋದವರ ಬೆನ್ನಿಗೆ ನಗೆಪಾಟಲುಗಳೂ ಗಾಡಿ ಹತ್ತಿ ಬರುತ್ತವೆ, ಇಳಿಸಿದರೂ ಇಳಿಯುವುದಿಲ್ಲ. ನಾನು ಧಾರವಾಡದಲ್ಲಿ ಕಾಲೇಜು ಮುಗಿಸಿದವಳು. ತವರಿನ ಓಣಿಯಲ್ಲಿ ಬಿ.ಎ. ಆದ ಮೊದಲ ಹೆಣ್ಣುಮಗಳು ನಾನೇ. ನಾನು ಹೇಳದಿದ್ದರೆ ಇದನ್ನು ಹೇಳುವವರು ಈಗ ಯಾರೂ ಉಳಿದಿಲ್ಲ. ಯಜಮಾನರು ಕೊಪ್ಪಳದಲ್ಲಿ ದವಾಖಾನೆ ತೆರೆದರು, ನನಗೆ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ರೈಲಿನಲ್ಲಿ ಹೋದರೆ ದೂರವೇನಲ್ಲ. ಆದರೆ ಆಗ ಅದು ಪರದೇಶ. ನಮ್ಮದು ಬ್ರಿಟಿಷರ ಆಳಿಕೆ, ಅದು ನಿಜಾಮರ ರಾಜ್ಯ. ನಾಣ್ಯ ಬೇರೆ, ಟಪಾಲು ಚೀಟಿ ಬೇರೆ, ಕಚೇರಿಯ ಭಾಷೆ ಉರ್ದು. ಮನೆಮನೆಯಲ್ಲಿ ಆಡುವ ಮಾತು ನನ್ನದೇ ಕನ್ನಡವಾದರೂ ಅಲ್ಲಿ ಇದ್ದಷ್ಟು ದಿನವೂ ನಾನು 'ಇಂಗ್ಲಿಷ್ ರಾಜ್ಯದ ಅಕ್ಕೋರು'. ನಡೆದದ್ದನ್ನೆಲ್ಲ ಆಗಿಂದಾಗಲೇ ಬರೆದಿಡುವುದು ನನ್ನ ಅಭ್ಯಾಸ. ಅದರಲ್ಲಿ ನಗು ಬರುವಂಥವನ್ನು ಇಲ್ಲಿ ಆರಿಸಿದ್ದೇನೆ. ಆರಿಸುವಾಗ ನಗು ಬಂದದ್ದು ಕಡಿಮೆ.

ಸುಂಕದವನ ಮುಂದೆ ಭೂಮಂಡಲ

ಸರಹದ್ದು ದಾಟಿದ ಕೂಡಲೇ ನಿಜಾಮರ ಸುಂಕದವನು ರೈಲು ಡಬ್ಬಿಯೊಳಗೆ ಬಂದು ಪೆಟ್ಟಿಗೆ ತೆಗೆಸಿದ. ಪುಸ್ತಕಗಳನ್ನು ಕಂಡು ಮೂಗು ಮುರಿದ. ಅವುಗಳ ಕೆಳಗೆ, ಸೀರೆಯಲ್ಲಿ ಸುತ್ತಿಟ್ಟ ನನ್ನ ಭೂಗೋಳದ ಗುಂಡು ಇತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅಲ್ಲಾಡಿಸಿ, "ಒಳಗೇನೈತ್ರಿ?" ಎಂದ.

"ಒಳಗೇನಿಲ್ಲ. ಎಲ್ಲಾ ಮ್ಯಾಲ ಐತಿ. ಇದು ಭೂಮಿ," ಎಂದೆ.

ಹಾಗಾದರೆ ನಮ್ಮ ಸರಕಾರ ಎಲ್ಲಿದೆ ತೋರಿಸಿರಿ ಎಂದ. ನಾನು ಬೆರಳಿಟ್ಟೆ. ಬೆರಳಿನ ಕೆಳಗೆ ಇಡೀ ರಾಜ್ಯ ಮುಚ್ಚಿಹೋಯಿತು. ಅವನ ಮುಖ ಸಣ್ಣದಾಯಿತು. "ಇಷ್ಟಽ?" ಎಂದ. ಸುಂಕ ಹಾಕದೆ ಬಿಡುವುದಿಲ್ಲವೆಂದು ನನಗೆ ಅನಿಸಿತು. ಸ್ವಲ್ಪ ಹೊತ್ತು ಗುಂಡನ್ನು ತಿರುಗಿಸಿ, "ಇಂಗ್ಲಿಷರ ಸ್ವಂತ ದೇಶ ಎಲ್ಲೈತಿ?" ಎಂದು ಕೇಳಿದ. ಅದನ್ನೂ ತೋರಿಸಿದೆ. ಅವನು ಬಗ್ಗಿ, ತನ್ನದೇ ಬೆರಳಿಟ್ಟು ಅಳೆದು, ಎದೆ ಸೆಟೆಸಿ ನಿಂತ.

"ನಮ್ಮಷ್ಟಽ ಐತಿ ತಗೋರಿ! ಹೋಗ್ರಿ ಅಕ್ಕಾರ, ಸುಂಕ ಬ್ಯಾಡ. ಇದನ್ನ ನಮ್ಮ ಹುಡುಗೂರಿಗೆ ಜರೂರ್ ತೋರಸ್ರಿ."

ಬೈಗುಳದ ಔಷಧಿ

ನಮ್ಮ ಪಕ್ಕದ ಮನೆ ಒಬ್ಬ ಬಟ್ಟೆ ಅಂಗಡಿಯವರದು. ಅವರ ತಾಯಿಯನ್ನು ಓಣಿಯವರೆಲ್ಲ ಆಯಿ ಎಂದು ಕರೆಯುತ್ತಿದ್ದರು. ನಾವು ಹೋಗಿ ಇನ್ನೂ ಪಾತ್ರೆ ಜೋಡಿಸುತ್ತಿದ್ದಾಗಲೇ ಆಯಿ ಬಂದು ಕಟ್ಟೆಯ ಮೇಲೆ ಕುಳಿತು, "ಒಂದೀಟು ಇಂಗ್ಲಿಷ್ ಮಾತಾಡ್ರಿ, ಕೇಳೂಣು," ಎಂದಿದ್ದರು. ನಾನು ಮಾತಾಡಿದೆ. "ಭಾಳ ಛಲೋ ಐತಿ. ಅನ್ನ ಬಾಯಾಗ ಇಟಗೊಂಡು ಜಗಳಾಡಿದಂಗ ಆಕ್ಕೈತಿ," ಎಂದು ಮೆಚ್ಚಿದ್ದರು.

ಒಂದು ಮುಂಜಾನೆ ಆಯಿ ತಮ್ಮ ಮನೆಯ ಮುಸುರೆ ತಿಕ್ಕುವ ಹೆಂಗಸನ್ನೂ ಅವಳ ಗಂಡನನ್ನೂ ನನ್ನ ಮುಂದೆ ತಂದು ನಿಲ್ಲಿಸಿದರು. ಅವನಿಗೆ ಸೇಂದಿ ಕುಡಿಯುವ ಚಟ. ಹೆಂಡತಿ ಹೇಳಿದಳು: "ಕನ್ನಡದಾಗ ನಾ ಬೈದು ಸಾಕಾಗೇತ್ರಿ. ಉರ್ದುದಾಗ ಪೊಲೀಸರು ಬೈದಾರ. ಎರಡೂ ಹತ್ತಿಲ್ಲ. ನೀವು ಇಂಗ್ಲಿಷಿನ್ಯಾಗ ಬೈರಿ."

ಕಾಲೇಜಿನಲ್ಲಿ ನನಗೆ ಏನೇನೋ ಕಲಿಸಿದ್ದರು, ಬೈಯಲು ಮಾತ್ರ ಕಲಿಸಿರಲಿಲ್ಲ. ಆದರೆ ಬರುವುದಿಲ್ಲ ಎನ್ನಲು ನನ್ನ ಅಭಿಮಾನ ಬಿಡಲಿಲ್ಲ. ಹುಡುಗಿಯರಿಗೆ ಕಲಿಸಲೆಂದು ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ರಜೆ ಅರ್ಜಿಯನ್ನು, 'ಮೈಯಲ್ಲಿ ಹುಷಾರಿಲ್ಲದ ಕಾರಣ ದಯವಿಟ್ಟು ರಜೆ ಕೊಡಬೇಕು' ಎಂಬುದನ್ನು, ಕಣ್ಣು ಕೆಂಪು ಮಾಡಿ, ಬೆರಳು ತೋರಿಸಿ, ಮೊದಲಿನಿಂದ ಕೊನೆಯವರೆಗೆ ಗುಡುಗಿದೆ. ಕೊನೆಗೆ 'ತಮ್ಮ ವಿಧೇಯ' ಎನ್ನುವಾಗ ಕಟ್ಟೆಯನ್ನೂ ಕುಟ್ಟಿದೆ.

ಅವನು ಕೈಮುಗಿದ. ಇನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿದ. ಆ ಔಷಧಿಯ ಗುಣ ಮುಂದಿನ ಸಂತೆಯವರೆಗಷ್ಟೇ ಉಳಿಯಿತು ಎಂದು ಈಗ ಬರೆಯುವಾಗ ಮನಸ್ಸು ಕುಗ್ಗುತ್ತದೆ. ಆ ಹೆಂಗಸು ನಂಬಿ ಬಂದಿದ್ದಳು. ಅಂದು ಮಾತ್ರ ಅವನು ಹೋಗುವಾಗ ತಿರುಗಿ ನಿಂತು, ಕಣ್ಣು ಒರೆಸಿಕೊಂಡು ಹೇಳಿದ:

"ನನ್ನ ಏನಾರ ಬೈರಿ ಅಕ್ಕಾರ. ಆದ್ರ ಸತ್ತ ನಮ್ಮಪ್ಪನ್ನ ಯಾಕ ನಡುವ ತಂದ್ರಿ?"

ಹೊಸ್ತಿಲ ಮೇಲಿನ ವಿದ್ಯಾರ್ಥಿನಿ

ಆಯಿಯ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ನಾನು ಕಲಿಸಿದವರಲ್ಲಿ ಅಷ್ಟು ಚುರುಕು ಬುದ್ಧಿ ಆಮೇಲೆ ಎಲ್ಲಿಯೂ ನೋಡಲಿಲ್ಲ. ಬಟ್ಟೆ ಅಂಗಡಿಯ ಅವಳ ತಂದೆ ಒಂದೇ ಮಾತು ಹೇಳಿದ್ದರು: "ಸರಕಾರಿ ಪರೀಕ್ಷಾದಾಗ ಪಾಸಾದ್ರ ಮುಂದ ಓದಲಿ. ನಪಾಸಾದ್ರ ಮದುವಿ." ಹುಡುಗಿಯ ಇಡೀ ಬಾಳು ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು.

ಬೆಳೆದ ಹುಡುಗಿ ಒಬ್ಬಳೇ ಬೀದಿಯಲ್ಲಿ ಹೋಗಬಾರದೆಂದು ಆಯಿಯೇ ಅವಳನ್ನು ಕರೆತಂದು, ಶಾಲೆ ಬಿಡುವವರೆಗೆ ತರಗತಿಯ ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತ ಕೂಡುತ್ತಿದ್ದರು. ಮೊದಮೊದಲು ತೂಕಡಿಸುತ್ತಿದ್ದರು. ಆಮೇಲೆ ತುಟಿ ಅಲ್ಲಾಡತೊಡಗಿತು. ಮಳೆಗಾಲ ಕಳೆಯುವ ಹೊತ್ತಿಗೆ ನಾನು ಹುಡುಗಿಯರನ್ನು ಕೇಳಿದ ಪ್ರಶ್ನೆಗೆ ಹೊಸ್ತಿಲಿನಿಂದ ಉತ್ತರ ಬರತೊಡಗಿತು.

"ಆಯಿ, ನೀವು ಹೇಳಬ್ಯಾಡ್ರಿ. ಹುಡುಗೂರು ಹೇಳಲಿ," ಎಂದೆ.

"ನಾ ಏನ್ ಮಾಡ್ಲಿ? ಅವು ತಡಾ ಮಾಡ್ತಾವ. ನನಗ ಅಷ್ಟು ವ್ಯಾಳ್ಯಾ ಉಳದಿಲ್ಲ."

ಸಾಹೇಬರ ಪರೀಕ್ಷೆ

ಹುಡುಗಿಯರ ಪರೀಕ್ಷೆಗೆ ಶಿಕ್ಷಣ ಇಲಾಖೆಯ ಒಬ್ಬ ಹೆಣ್ಣು ಅಧಿಕಾರಿ ಬರಬೇಕಾಗಿತ್ತು. ಅವರಿಗೆ ಜ್ವರ ಬಂದು ಗಂಡು ಸಾಹೇಬರು ಬರುವುದೆಂದಾಯಿತು. ಬೆಳೆದ ಹುಡುಗಿಯರು ಪರ ಗಂಡಸಿನ ಎದುರಿಗೆ ಕೂಡಬಾರದು. ನಡುವೆ ಪರದೆ ಬೇಕು. ಶಾಲೆಯಲ್ಲಿ ಪರದೆ ಇರಲಿಲ್ಲ. ಓಣಿಯವರಿಂದ ಹೊದೆಯುವ ಎರಡು ಕೌದಿ ತಂದು ಹಗ್ಗಕ್ಕೆ ಹಾಕಿದೆವು. ಕೌದಿಯ ಆಚೆ ಹುಡುಗಿಯರು, ಈಚೆ ಸಾಹೇಬರಿಗೆ ಕುರ್ಚಿ, ಎರಡರ ನಡುವಿನ ಸಂದಿನಲ್ಲಿ ನಾನು.

ಹುಡುಗಿಯ ತಂದೆ ಹಿಂದಿನ ದಿನವೇ ಅವಳನ್ನು ಕರೆದುಕೊಂಡು ಹತ್ತಿರದ ತಳಕಲ್ಲಿನ ನೆಂಟರ ಮನೆಗೆ ಹೋಗಿದ್ದರು. ಅಲ್ಲಿಗೆ ಗಂಡಿನವರು ಅವಳನ್ನು ನೋಡಲು ಬರುವವರಿದ್ದರು. "ಬರೇ ನೋಡಿ ಹೋಕ್ಕಾರ. ಸಾಹೇಬರು ಬರೂದು ಮಧ್ಯಾಹ್ನಕ್ಕ. ಅಷ್ಟರಾಗ ಬಂಡಿ ಮುಟ್ಟತೈತಿ," ಎಂದಿದ್ದರು. ಸಾಹೇಬರು ಮುಂಜಾನೆಯ ರೈಲಿಗೇ ಬಂದಿಳಿದರು.

ಹಾಜರಿ ಕರೆಯುತ್ತ ಆ ಹುಡುಗಿಯ ಹೆಸರಿಗೆ ಬಂದರು. ಅವಳ ಬಂಡಿ ಇನ್ನೂ ಮುಟ್ಟಿರಲಿಲ್ಲ. ಆಗ ಕೌದಿಯ ಹಿಂದಿನಿಂದ ಒಡಕು ದನಿಯೊಂದು, "ಪ್ರೆಸೆಂಟ್ ಸರ್!" ಎಂದಿತು. ಸಂದಿನಿಂದ ಇಣುಕಿದೆ. ಆಯಿ, ಸೆರಗು ಹೊದ್ದು, ಮೊಮ್ಮಗಳ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ! ಅಕ್ಕಪಕ್ಕದ ಹುಡುಗಿಯರು ಬಾಯಿಗೆ ಸೆರಗು ತುರುಕಿಕೊಂಡಿದ್ದಾರೆ.

"ಹುಡುಗಿಗೆ ನೆಗಡಿಯೇ?" ಎಂದು ಸಾಹೇಬರು ಕೇಳಿದರು.

"ಬಹಳ ದಿನದ್ದು," ಎಂದೆ.

ಸೂರ್ಯ ಎಲ್ಲಿ ಹುಟ್ಟುತ್ತಾನೆ, ವಾರಕ್ಕೆ ಎಷ್ಟು ದಿನ, ಆಕಳು ಏನು ಕೊಡುತ್ತದೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಿದರು. ಆಯಿ ಒಂದೊಂದಕ್ಕೂ ಗುಂಡು ಹೊಡೆದಂತೆ ಉತ್ತರ ಕೊಟ್ಟರು. ಕೊನೆಗೆ ಸಾಹೇಬರು, ನಿನ್ನ ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಆಯಿ ಸುಳ್ಳು ಹೇಳುವವರಲ್ಲ.

"ಮೈ ಫಾದರ್ ಇಸ್ ಡೆಡ್, ಸರ್. ಮೈ ಸನ್ ಸೆಲ್ಸ್ ಕ್ಲಾತ್."

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಕೌದಿಯನ್ನೇ ಕೊಂಚ ಹೊತ್ತು ನೋಡಿದರು. ಆಮೇಲೆ ನಗು ನುಂಗಿ ನನಗೆ ಹೇಳಿದರು: "ಇಂಗ್ಲಿಷ್ ಸರಿಯಾಗಿದೆ. ನಂಟಸ್ತಿಕೆ ಮಾತ್ರ ತಪ್ಪಿದೆ. ಅದಕ್ಕೆ ನಮ್ಮಲ್ಲಿ ಅಂಕ ಇಲ್ಲ. ಪಾಸ್." ಇಷ್ಟು ಚೆನ್ನಾಗಿ ಹೇಳುವ ಹುಡುಗಿಯನ್ನು ಹೈದರಾಬಾದಿನ ಶಾಲೆಗೇ ಕಳಿಸಬೇಕು, ಜಾಗ ನಾನು ಕೊಡಿಸುತ್ತೇನೆ ಎಂದೂ ಹೇಳಿ ಹೋದರು.

ಆಯಿಯೂ ನಾನೂ ಕೈಕೈ ಹಿಡಿದು ಕುಣಿಯುವುದೊಂದು ಬಾಕಿ. ಮಧ್ಯಾಹ್ನ ಬಂಡಿ ಶಾಲೆಗೆ ಬಂತು. ಹುಡುಗಿ ಹೊಸ ಸೀರೆ ಉಟ್ಟು, ಉಡಿಯಲ್ಲಿ ಕಾಯಿ ಹಿಡಿದುಕೊಂಡು ಇಳಿದಳು. ತಂದೆ ನಮಗೆಲ್ಲ ಸಕ್ಕರೆ ಹಂಚತೊಡಗಿದರು.

"ನೋಡಾಕ ಬಂದವ್ರು ಒಪ್ಪೇ ಬಿಟ್ರು. ಸಕ್ಕರಿ ಹಂಚಿ ಮಾತು ಮುಗಿಸಿ ಬಂದ್ವಿ," ಎಂದರು.

ನಾನು ಪಾಸಾದ ಸುದ್ದಿ ಹೇಳಿದೆ, ಹೈದರಾಬಾದಿನ ಜಾಗವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಸಕ್ಕರೆಯ ತಟ್ಟೆ ಹಿಡಿದ ಕೈ ಹಾಗೆಯೇ ನಿಂತಿತು. "ಮಾತು ಕೊಟ್ಟಿದ್ದೆ, ಖರೆ. ಆದ್ರ ಹಂಚಿದ ಸಕ್ಕರಿ ತಿರುಗಿ ಬೇಡಾಕ ಬರತೈತೇನ್ರಿ ಅಕ್ಕಾರ?" ಎಂದರು. ನಾನು ನನ್ನ ಬಿ.ಎ.ಯ ಗತ್ತು ಬಿಟ್ಟು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಹುಡುಗಿ ಯಾರನ್ನೂ ನೋಡದೆ, ಹಗ್ಗದ ಮೇಲಿನ ಕೌದಿಗಳನ್ನು ಇಳಿಸಿ ಮಡಚತೊಡಗಿದಳು.

ಆಯಿ ಸೆರಗು ಬಿಗಿದು ಮಗನ ಮುಂದೆ ಬಂದು ನಿಂತರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಹಂಗಾರ ನನ್ನ ಕಳಸು. ಪಾಸಾದಾಕಿ ನಾನಽ, ಮದುವಿ ಮುಗದಾಕಿನೂ ನಾನಽ. ಇನ್ಯಾವ ಅಡ್ಡಿ ಐತೋ?"